ಆಡುವ ಕಾಲಿನ ಮೇಲಿನ ಭಾರ

"ಒಂದು ಚೂರೂ ಅಲುಗಾಡದೆ ನಿಂತರು" ಎಂದು ಆ ದಿನದ ನನ್ನ ಡೈರಿಯಲ್ಲಿದೆ. ಅದೇ ಸಂಜೆ ಬರೆದದ್ದು. ಮರೆವಿಗೆ ಇನ್ನೂ ಅವಕಾಶ ಸಿಕ್ಕಿರಲಿಲ್ಲ. ಆದರೂ ಅದು ನಿಜವಲ್ಲ. ಕಣ್ಣೆದುರು ನಡೆದದ್ದನ್ನು ಅದೇ ದಿನ ತಪ್ಪಾಗಿ ಬರೆಯಬಹುದು ಎಂದು ನನಗೆ ಗೊತ್ತಾದದ್ದು ಈ ಕೆಲಸದಲ್ಲಿ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿನ ಮಾತುಗಳು ನನ್ನ ನೆನಪಿನವು, ಭಾರದ ಲೆಕ್ಕ ಮಾತ್ರ ಯಂತ್ರದ್ದು. ಎರಡರಲ್ಲಿ ಯಾವುದನ್ನು ಹೆಚ್ಚು ನಂಬಬೇಕೋ ನನಗಿನ್ನೂ ತಿಳಿದಿಲ್ಲ.

ಜರ್ಮನಿಯ ಹರ್ಟ್ಸೋಗೆನಾವ್‌ರಾಕ್ ಎಂಬ ಊರಿನ ಅಂಚಿನಲ್ಲಿರುವ ಒಂದು ಸಣ್ಣ ಲ್ಯಾಬ್‌ನಲ್ಲಿ ನಾನು ದೇಹದ ಚಲನೆ ಅಳೆಯುವ ಇಂಜಿನಿಯರ್. ನಮಗೆ ಬರುವ ಕೆಲಸ ಹೆಚ್ಚಾಗಿ ಷೂಗಳದ್ದು. ನೆಲದಲ್ಲಿ ಎರಡು ಲೋಹದ ಫಲಕಗಳನ್ನು ಹುದುಗಿಸಿದ್ದೇವೆ. ನಾವು ಅದಕ್ಕೆ ಪ್ಲೇಟ್ ಎನ್ನುತ್ತೇವೆ. ಓಡುವವರು ಅದರ ಮೇಲೆ ಹೆಜ್ಜೆಯಿಟ್ಟರೆ ಯಾವ ಕಾಲಿನಿಂದ ಎಷ್ಟು ಭಾರ ನೆಲಕ್ಕಿಳಿಯಿತು ಎಂದು ಅದು ಹೇಳುತ್ತದೆ. ನಿಂತವರನ್ನು ಅಳೆಯುವ ಕೆಲಸ ಅಪರೂಪ. ನಿಂತವರಿಗೆ ಯಾರೂ ಷೂ ಮಾರುವುದಿಲ್ಲ.

ಆ ಚಳಿಗಾಲದಲ್ಲಿ ಒಂದು ವಿಶ್ವವಿದ್ಯಾಲಯದ ಶಿಲ್ಪ ಸಂಗ್ರಹಾಲಯದಿಂದ ಕರೆ ಬಂತು. ಅಲ್ಲಿರುವುದೆಲ್ಲ ಪ್ರಾಚೀನ ಪ್ರತಿಮೆಗಳ ಸುಣ್ಣಗಚ್ಚಿನ ಪಡಿಯಚ್ಚುಗಳು. ಅವುಗಳಲ್ಲಿ ಈಟಿ ಹಿಡಿದು ನಿಂತ ಗ್ರೀಕ್ ಯುವಕ ಒಬ್ಬನಿದ್ದಾನೆ. ಈಟಿ ಎಂದೋ ಹೋಗಿದೆ, ಹಿಡಿತ ಮಾತ್ರ ಉಳಿದಿದೆ. ಅವನ ಭಾರವೆಲ್ಲ ಬಲಗಾಲಿನ ಮೇಲೆ. ಎಡಗಾಲು ಮೊಣಕಾಲಿನಲ್ಲಿ ಬಾಗಿ, ಹಿಂದೆ ಸರಿದು, ಪಾದದ ಮುಂಭಾಗದಿಂದ ಮಾತ್ರ ನೆಲ ಮುಟ್ಟುತ್ತದೆ. ಬಲ ಸೊಂಟ ಏರಿದೆ, ಅದಕ್ಕೆ ಸರಿಯಾಗಿ ಬಲ ಭುಜ ಇಳಿದಿದೆ. ಎಡಕ್ಕೆ ಇದೆಲ್ಲ ತಿರುವುಮುರುವು. ಜರ್ಮನ್ನರು ಈ ಕಾಲುಗಳಿಗೆ ಸ್ಟಾಂಡ್‌ಬೈನ್, ಶ್ಪೀಲ್‌ಬೈನ್ ಎನ್ನುತ್ತಾರೆ: ನಿಲ್ಲುವ ಕಾಲು, ಆಡುವ ಕಾಲು.

"ಇದಕ್ಕೆ ಮೊದಲು ಕಲ್ಲಿನ ಮನುಷ್ಯರು ಎರಡೂ ಕಾಲಿನ ಮೇಲೆ ಕಂಬದ ಹಾಗೆ ನಿಲ್ಲುತ್ತಿದ್ದರು," ಎಂದರು ಸಂಗ್ರಹಾಲಯದ ಮುಖ್ಯಸ್ಥೆ, ಪಡಿಯಚ್ಚಿನ ಮೊಣಕಾಲನ್ನು ತಟ್ಟುತ್ತಾ. ಪಕ್ಕದ ಕೋಣೆಯಲ್ಲಿ ಇಟಲಿಯ ಪುನರುಜ್ಜೀವನ ಕಾಲದ ಹುಡುಗನೊಬ್ಬನಿದ್ದ. ಅವನ ಸೊಂಟ ಇನ್ನೂ ಧಾರಾಳವಾಗಿ ಹೊರಗೆ ಬಾಗಿತ್ತು. "ನಡುವಿನ ಅಷ್ಟು ಶತಮಾನ ಇದು ಬಹುತೇಕ ಮರೆತೇ ಹೋಗಿತ್ತು. ಇವರು ಮತ್ತೆ ಮೊದಲಿನಿಂದ ಕಲಿತರು."

ಅವರಿಗೆ ಬೇಕಾದದ್ದು ಇಷ್ಟು: ಜೀವಂತ ಮನುಷ್ಯನೊಬ್ಬ ಇದೇ ಭಂಗಿಯಲ್ಲಿ ನಿಲ್ಲಬೇಕು, ಅವನ ಎರಡು ಪಾದಗಳ ಕೆಳಗಿನ ಭಾರವನ್ನು ನಾವು ಅಳೆಯಬೇಕು, ಅದು ಪ್ರದರ್ಶನದಲ್ಲಿ ಪಡಿಯಚ್ಚಿನ ಮುಂದಿನ ನೆಲದ ಮೇಲೆ ಬೆಳಕಾಗಿ ಮೂಡಬೇಕು. ಭಾರ ಹೆಚ್ಚಿದ್ದಲ್ಲಿ ಪ್ರಖರ, ಕಡಿಮೆಯಿದ್ದಲ್ಲಿ ಮಂಕು.

ನಾನು ಕಾರ್ಕಳದವಳು. ಬೆಟ್ಟದ ಮೇಲಿನ ಗೊಮ್ಮಟನನ್ನು ನೋಡಿಕೊಂಡೇ ಬೆಳೆದವಳು. ಅವನದು ಸಮಭಾರ; ಎಲ್ಲಿಗೂ ಹೊರಡುವ ಯೋಚನೆಯಿಲ್ಲದವನ ನಿಲುವು. ಈ ಗ್ರೀಕ್ ಯುವಕ ಬಂದು ನಿಂತವನೋ ಹೊರಟವನೋ ತಿಳಿಯುವುದಿಲ್ಲ. ಗೊಮ್ಮಟನ ಒಂದೇ ಕಾಲಿಗೆ ಬಳ್ಳಿ ಸುತ್ತಿದೆ ಎಂದು ಮುಖ್ಯಸ್ಥೆಗೆ ಹೇಳಿದ್ದೆ. ಮನೆಗೆ ಬಂದು ಫೋಟೊ ನೋಡಿದರೆ ಎರಡೂ ಕಾಲಿಗಿತ್ತು. ಬಾಲ್ಯವಿಡೀ ನೋಡಿದ್ದು ಅದು.

ಭಂಗಿಗೆ ನಿಂತವರು ನಿವೃತ್ತ ಡ್ರೈವಿಂಗ್ ಶಿಕ್ಷಕರು. ಅರವತ್ತು ದಾಟಿ ಕೆಲವು ವರ್ಷಗಳಾಗಿದ್ದವು. ನಿವೃತ್ತಿಯ ನಂತರ ಕಲಾಶಾಲೆಗಳಲ್ಲಿ ಮಾಡೆಲ್ ಆಗಿ ನಿಲ್ಲುತ್ತಿದ್ದರು. ಯುವಕರನ್ನು ಕರೆಯಬಹುದಿತ್ತು, ಆದರೆ ಇಷ್ಟು ಹೊತ್ತು ನಿಲ್ಲಬಲ್ಲವರು ಸಿಗುವುದಿಲ್ಲ ಎಂದು ಮುಖ್ಯಸ್ಥೆಯೇ ಇವರನ್ನು ಆರಿಸಿದ್ದರು. ನಮ್ಮಲ್ಲಿಗೆ ಬಂದವರೇ ಈಜುಚಡ್ಡಿ ತೊಟ್ಟು, ಕನ್ನಡಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ನೋಡಿಕೊಂಡರು.

"ಫ್ರಾವ್ ಇಂಜಿನಿಯರ್," ಎಂದು ಮೇಡಂ ಎನ್ನುವಂತೆ ಕರೆದು ಕೇಳಿದರು, "ನಿಮಗೆ ಲೈಸೆನ್ಸ್ ಇದೆಯಾ?"

ಇಲ್ಲ, ಪರೀಕ್ಷೆಯಲ್ಲಿ ಫೇಲಾದೆ ಎಂದೆ.

"ಯಾವುದರಲ್ಲಿ? ತಡೆಯಿರಿ, ಹೇಳಬೇಡಿ. ಬಲಕ್ಕೆ ತಿರುಗುವಾಗ ಭುಜದ ಮೇಲಿಂದ ಹಿಂದೆ ನೋಡಲಿಲ್ಲ."

"ಹೌದು. ಕನ್ನಡಿ ನೋಡಿದ್ದೆ."

"ಎಲ್ಲರೂ ಕನ್ನಡಿ ನೋಡಿದ್ದೆ ಅಂತಲೇ ಹೇಳುತ್ತಾರೆ. ಸೈಕಲ್‌ನವನು ಯಾವಾಗಲೂ ಕನ್ನಡಿಗೆ ಕಾಣದ ಜಾಗದಲ್ಲೇ ಇರುತ್ತಾನೆ." ಅವರು ಪ್ಲೇಟ್ ಮೇಲೆ ಹತ್ತಿದರು. "ಇಷ್ಟು ವರ್ಷ ಬೇರೆಯವರಿಗೆ ಪಾರ್ಕಿಂಗ್ ಕಲಿಸಿದೆ. ಈಗ ನನ್ನನ್ನೇ ಪಾರ್ಕ್ ಮಾಡಿ."

ಕೆಲಸದ ಕ್ರಮ ಹೀಗೆ. ಯಾರೂ ಮೇಲಿಲ್ಲದಾಗ ಪ್ಲೇಟ್‌ಗಳನ್ನು ಸೊನ್ನೆಗೆ ತರಬೇಕು. ಭುಜ, ಸೊಂಟ, ಮೊಣಕಾಲುಗಳ ಮೇಲೆ ಹೊಳೆಯುವ ಸಣ್ಣ ಗುಂಡುಗಳನ್ನು ಅಂಟಿಸಬೇಕು. ಅವು ಎಲ್ಲಿವೆ ಎಂದು ಸುತ್ತಲಿನ ಕ್ಯಾಮೆರಾಗಳು ನೋಡುತ್ತವೆ. ಪಡಿಯಚ್ಚಿನಿಂದ ಅಳೆದು ತಂದ ಓರೆಗಳಿಗೆ ದೇಹ ಹೊಂದುವವರೆಗೆ "ಸೊಂಟ ಸ್ವಲ್ಪ ಬಲಕ್ಕೆ, ಎಡ ಹಿಮ್ಮಡಿ ಎತ್ತಿ" ಎಂದು ಹೇಳುತ್ತಾ ಹೋಗಬೇಕು. ಹೊಂದಿದ ಮೇಲೆ ಹಲವು ನಿಮಿಷಗಳ ದಾಖಲೆ. ಮಾರ್ಚ್‌ನಲ್ಲಿ ಇಂಥ ಮೂರು ಭೇಟಿಗಳಾದವು. ಮೂರರಲ್ಲೂ ಸೊಂಟದ ಓರೆ, ಭುಜದ ಓರೆ ಕೊನೆಯವರೆಗೂ ಕದಲಲಿಲ್ಲ. ನಾನು ಡೈರಿಯಲ್ಲಿ ಬರೆದದ್ದು ಇದನ್ನು ನೋಡಿಯೇ.

ವಿರಾಮದಲ್ಲಿ ಕುರ್ಚಿ ಕೊಟ್ಟರೆ ಅವರು ಕೂರುತ್ತಿರಲಿಲ್ಲ, ಕಿಟಕಿಯ ಕಟ್ಟೆಗೆ ಒರಗುತ್ತಿದ್ದರು ಎಂದು ಈಗ ನನಗೆ ನೆನಪಾಗುತ್ತದೆ. ಇದು ಡೈರಿಯಲ್ಲಿಲ್ಲ. ಆಗ ಕಂಡದ್ದೋ, ಎಲ್ಲ ತಿಳಿದ ಮೇಲೆ ನಾನೇ ಅಲ್ಲಿ ತಂದು ನಿಲ್ಲಿಸಿದ್ದೋ ಹೇಳಲಾರೆ.

ದಾಖಲೆಯಾದ ಮೇಲೆ ಶುದ್ಧೀಕರಣ. ನಮ್ಮ ಪ್ಲೇಟ್‌ಗಳಿಗೆ ಒಂದು ಹಳೆಯ ಕಾಯಿಲೆಯಿದೆ. ಅದನ್ನು ಡ್ರಿಫ್ಟ್ ಎನ್ನುತ್ತೇವೆ: ಭಾರ ಬದಲಾಗದಿದ್ದರೂ ಅಂಕಿ ನಿಧಾನವಾಗಿ ಒಂದು ದಿಕ್ಕಿಗೆ ಜಾರುತ್ತದೆ. ಓಡುವವರ ಹೆಜ್ಜೆ ಕ್ಷಣಮಾತ್ರ, ಹಾಗಾಗಿ ನಿಧಾನದ್ದೆಲ್ಲ ಯಂತ್ರದ್ದೇ ಎಂಬುದು ಲ್ಯಾಬ್‌ನ ರೂಢಿ. ಪರದೆಯ ಮೇಲೆ ಒಂದು ಚೌಕದಲ್ಲಿ ಟಿಕ್ ಹಾಕಿದರೆ ಜಾರಿದ್ದೆಲ್ಲ ಕಳೆದುಹೋಗುತ್ತದೆ. ಆ ಟಿಕ್ ಸದಾ ಬಿದ್ದೇ ಇರುತ್ತದೆ. ನಾನು ತೆಗೆಯಲಿಲ್ಲ. ಫಲಿತಾಂಶ ಸುಂದರವಾಗಿತ್ತು: ಹೆಚ್ಚುಕಡಿಮೆ ಎಲ್ಲ ಭಾರ ಬಲಪಾದದಲ್ಲಿ, ಎಡಕ್ಕೆ ಬರಿಯ ಸ್ಪರ್ಶ. "ಇದೇ ಬೇಕಿತ್ತು," ಎಂದರು ಮುಖ್ಯಸ್ಥೆ.

ಆ ಡ್ರೈವಿಂಗ್ ಶಿಕ್ಷಕರು ತೀರಿಕೊಂಡ ಸುದ್ದಿ ಆಗಸ್ಟ್‌ನಲ್ಲಿ ಬಂತು. ಮೂಳೆಗೆ ಹರಡಿದ ಕ್ಯಾನ್ಸರ್, ಬಲ ಸೊಂಟದಲ್ಲಿ. ಜೂನ್‌ನಲ್ಲಿ ಗೊತ್ತಾಗಿತ್ತಂತೆ.

ಆಗ ನಾನು ಪ್ರದರ್ಶನಕ್ಕೆ ಬೆಳಕಿನ ಕೆಲಸ ಮುಗಿಸುತ್ತಿದ್ದೆ. ದಿನವಿಡೀ ನನ್ನ ಪರದೆಯ ಮೇಲೆ ಅವರೇ. ನಿಂತ ಮನುಷ್ಯ ನಿಜಕ್ಕೂ ನಿಂತಿರುವುದಿಲ್ಲ. ದೇಹದ ಭಾರ ಬೀಳುವ ಬಿಂದು ಉಸಿರಿಗೊಮ್ಮೆ, ಎದೆಬಡಿತಕ್ಕೊಮ್ಮೆ ಕದಲುತ್ತಲೇ ಇರುತ್ತದೆ. ಆ ಬಿಂದು ಪರದೆಯಲ್ಲಿ ಸಣ್ಣ ಹುಳುವಿನಂತೆ ಹರಿದಾಡುತ್ತಿತ್ತು. ಊಟಕ್ಕೆ ಹೋಗಿ ಬಂದರೂ ಅದು ಅಲ್ಲೇ ಹರಿದಾಡುತ್ತಿರುತ್ತಿತ್ತು. ಕೆಲಸ ಮುಗಿಸಿ ಪರದೆಯ ಮೇಲಿನ ಆ ಕಿಟಕಿ ಮುಚ್ಚುವಾಗ, ನಿಂತಿರುವವರನ್ನು ಒಬ್ಬರನ್ನೇ ಬಿಟ್ಟು ಕೋಣೆಯಿಂದ ಹೊರಟಂತೆ ಸಂಕೋಚವಾಗುತ್ತಿತ್ತು. ಒಂದೆರಡು ಬಾರಿ ಮುಚ್ಚದೆಯೇ ಮನೆಗೆ ಹೋದೆ.

ಸೆಪ್ಟೆಂಬರ್‌ನಲ್ಲಿ ಅವರ ಮಗಳು ಲ್ಯಾಬ್‌ಗೆ ಬಂದರು. ನನ್ನ ವಯಸ್ಸಿನವರೇ, ಕಿಂಡರ್‌ಗಾರ್ಟನ್‌ನಲ್ಲಿ ಶಿಕ್ಷಕಿ. ಕೋಟು ತೆಗೆಯದೆ, ಕೂರದೆ, ನೆಲದ ಪ್ಲೇಟ್‌ಗಳನ್ನು ನೋಡುತ್ತಾ ಕೇಳಿದರು:

"ಅಪ್ಪ ಇಲ್ಲಿ ನಿಂತಾಗ ಅವನಿಗೆ ಆಗಲೇ ನೋವಿತ್ತಾ? ಅದು ನಿಮ್ಮ ಯಂತ್ರಕ್ಕೆ ಗೊತ್ತಾಗುತ್ತದಾ?"

ಯಾಕೆ ಎಂದೆ.

"ಏಪ್ರಿಲ್‌ನಲ್ಲಿ, ಈಸ್ಟರ್‌ಗೆ ನಾನು ಮನೆ ಬದಲಾಯಿಸಿದೆ. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಅಲಮಾರಿಯ ಹಗುರ ತುದಿ ಅಪ್ಪ ಹಿಡಿದ. ಪ್ರತಿ ತಿರುವಿನಲ್ಲೂ ಇಳಿಸಿ, ಜೋಕ್ ಹೇಳಿಕೊಂಡು ನಿಲ್ಲುತ್ತಿದ್ದ. ನಾನು ಎಲ್ಲರ ಮುಂದೆ, ನಾಟಕ ಸಾಕು, ನಿಂತು ದುಡ್ಡು ಮಾಡುವವನಿಗೆ ಹತ್ತಲು ಆಗುವುದಿಲ್ಲವಾ ಅಂದೆ. ಅವನು ನಕ್ಕ, ಹತ್ತಿದ. ಡಾಕ್ಟರ್ ಹೇಳುತ್ತಾರೆ, ನೋವು ಬಹುಶಃ ಮೇ ತಿಂಗಳಲ್ಲಿ ಶುರುವಾಗಿರಬೇಕು ಅಂತ." ಮತ್ತೆ ಸೇರಿಸಿದರು, "ಬಹುಶಃ."

ನೋಡಿ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಆಗ ನನ್ನ ತಲೆಯಲ್ಲಿದ್ದದ್ದು ಡೈರಿಯ ಆ ಸಾಲು. ಅಲುಗಾಡದೆ ನಿಂತವರಿಗೆ ನೋವೆಲ್ಲಿಯದು? ಒಳ್ಳೆಯ ಸುದ್ದಿಯನ್ನೇ ಹೇಳಬಹುದು ಎಂದುಕೊಂಡಿದ್ದೆ.

ಮರುದಿನ ಮೂಲ ದಾಖಲೆ ತೆರೆದು ಟಿಕ್ ತೆಗೆದೆ. ಬಲಪಾದದ ಗೆರೆ ಇಳಿಯುತ್ತಿತ್ತು. ತೀರಾ ನಿಧಾನ, ಆದರೆ ನಿಲ್ಲದೆ. ಮೊದಲ ನಿಮಿಷದಲ್ಲಿ ಬಹುಪಾಲು ಭಾರ ಹೊತ್ತಿದ್ದ ಕಾಲು ಕೊನೆಗೆ ಅರ್ಧಕ್ಕಿಂತ ತುಸು ಹೆಚ್ಚು ಹೊತ್ತಿತ್ತು. ಮೂರು ಭೇಟಿಗಳಲ್ಲೂ ಹೀಗೇ.

"ಡ್ರಿಫ್ಟ್," ಎಂದರು ನನ್ನ ಮೇಲಧಿಕಾರಿ, ನನ್ನ ಹೆಗಲ ಮೇಲಿಂದ ಬಗ್ಗಿ. "ಮಾರ್ಚ್‌ನಲ್ಲಿ ಹೀಟಿಂಗ್ ಕೆಟ್ಟಿತ್ತಲ್ಲ? ಪ್ಲೇಟ್ ತಣ್ಣಗಿದ್ದರೆ ಜಾರುತ್ತದೆ. ವರದಿಯಲ್ಲೂ 'ಡ್ರಿಫ್ಟ್ ಸರಿಪಡಿಸಲಾಗಿದೆ' ಅಂತ ಬರೆದಿದ್ದೇವೆ."

"ಮಗಳು ಕೇಳುತ್ತಿದ್ದಾರೆ. ಅವರಿಗೆ ತೋರಿಸಬಹುದಾ? ಡಾಟನ್‌ಶುಟ್ಸ್?"

"ಖಾಸಗಿ ಮಾಹಿತಿಯ ಕಾನೂನು ಬದುಕಿರುವವರಿಗೆ. ಸತ್ತವರಿಗೆ ಡಾಟನ್‌ಶುಟ್ಸ್ ಇಲ್ಲ." ಅವರು ಕಟುವಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದರು. "ಆದರೆ ಆಕೆಗೆ ಕೊಡುವ ಉತ್ತರ ವರದಿಯಲ್ಲೇ ಇದೆಯಲ್ಲ."

ಯಂತ್ರದ್ದೋ ಮನುಷ್ಯನದೋ ಎಂದು ತಿಳಿಯಲು ದಾರಿಯಿದೆ. ಹೀಟಿಂಗ್ ಆರಿಸಿ, ಕಿಟಕಿ ತೆರೆದಿಟ್ಟು ಕೋಣೆ ತಣ್ಣಗಾಗಲು ಬಿಟ್ಟೆ. ಎರಡೂ ಪ್ಲೇಟ್‌ಗಳ ಮೇಲೆ ಕಬ್ಬಿಣದ ಬಿಲ್ಲೆಗಳನ್ನು ಪೇರಿಸಿದೆ, ಬಲಕ್ಕೆ ಹೆಚ್ಚು, ಎಡಕ್ಕೆ ಕಡಿಮೆ. ಕಬ್ಬಿಣಕ್ಕೆ ಸೊಂಟನೋವಿಲ್ಲ. ಅಷ್ಟೇ ಹೊತ್ತು ದಾಖಲಿಸಿದೆ. ಬಲ ಪ್ಲೇಟ್‌ನ ಗೆರೆ ಜಾರಿತು.

ನಿರಾಳವಾಯಿತು ಎಂದು ಬರೆದುಕೊಂಡಿದ್ದೇನೆ. ಈ ಸಾಲನ್ನು ನಂಬುತ್ತೇನೆ, ಯಾಕೆಂದರೆ ಇದು ನನಗೆ ಶೋಭೆ ತರುವುದಿಲ್ಲ. ಮಗಳಿಗೆ ಬರೆಯಬೇಕಾದ ಮೇಲ್ ಮನಸ್ಸಿನಲ್ಲೇ ಸಿದ್ಧವಾಯಿತು: ಯಂತ್ರದ ದೋಷ, ಏನೂ ಹೇಳಲಾಗುವುದಿಲ್ಲ.

ಕಳುಹಿಸುವ ಮೊದಲು ಎರಡು ಗೆರೆಗಳನ್ನು ಕೂಡಿಸಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಓಡುವವರ ಎರಡು ಕಾಲೂ ಒಟ್ಟಿಗೆ ನೆಲದಲ್ಲಿರುವುದಿಲ್ಲ, ಹಾಗಾಗಿ ನಮಗೆ ಕೂಡಿಸುವ ಅಭ್ಯಾಸವೇ ಇಲ್ಲ. ಬಲ ಪ್ಲೇಟ್ ಸುಮ್ಮನೆ ಜಾರಿದ್ದರೆ ಮೊತ್ತವೂ ಜಾರಬೇಕು. ನಿಂತ ಮನುಷ್ಯ ನಿಂತಲ್ಲೇ ತೂಕ ಕಳೆದುಕೊಳ್ಳುತ್ತಾ ಹೋದಂತೆ ಕಾಣಬೇಕು. ಕಬ್ಬಿಣದ ಮೊತ್ತ ಹಾಗೆಯೇ ಕಡಿಮೆಯಾಗಿತ್ತು, ಸ್ವಲ್ಪ. ಅವರ ಮೊತ್ತದಲ್ಲೂ ಆ ಸ್ವಲ್ಪ ಇತ್ತು. ಅಷ್ಟು ಯಂತ್ರದ್ದು. ಅದನ್ನು ಬಿಟ್ಟರೆ ಮೊತ್ತ ಸಮತಟ್ಟು. ಬಲಗಾಲು ಬಿಟ್ಟುಕೊಟ್ಟದ್ದನ್ನೆಲ್ಲ ಎಡಗಾಲು ತೆಗೆದುಕೊಂಡಿತ್ತು.

ಮತ್ತೆ ಕ್ಯಾಮೆರಾದ ದಾಖಲೆ ನೋಡಿದೆ. ಸೊಂಟದ ಓರೆ ಹಾಗೇ, ಭುಜ ಹಾಗೇ, ಎಡ ಹಿಮ್ಮಡಿ ಎತ್ತಿಯೇ ಇದೆ. ಮೊದಲ ಚಿತ್ರವನ್ನೂ ಕೊನೆಯದನ್ನೂ ಒಂದರ ಮೇಲೊಂದು ಇಟ್ಟಾಗ ಇಡೀ ಸೊಂಟ ಕೆಲವೇ ಬೆರಳಗಲ ಎಡಕ್ಕೆ ಸರಿದಿತ್ತು. ಅಷ್ಟು ನಿಧಾನವಾದದ್ದು ಕಣ್ಣಿಗೆ ಕಾಣುವುದಿಲ್ಲ. ಭಂಗಿಯನ್ನು ಹಾಗೇ ಇಟ್ಟುಕೊಂಡು ಅದರೊಳಗಿನ ಭಾರವನ್ನು ಮಾತ್ರ ಅವರು ಸಾಗಿಸಿದ್ದರು. ಹೊರನೋಟಕ್ಕೆ ನಿಲ್ಲುವ ಕಾಲು ನಿಂತೇ ಇತ್ತು. ಆಡುವ ಕಾಲು, ಬಾಗಿದ ಮೊಣಕಾಲಿನಲ್ಲಿ, ಪಾದದ ಮುಂಭಾಗದ ಮೇಲೆ ಅವರನ್ನು ಹೊತ್ತಿತ್ತು.

ಆದರೂ ಅದು ನೋವೇ ಎಂದು ಹೇಗೆ ಹೇಳುವುದು? ದಣಿವೂ ಇರಬಹುದಲ್ಲ. ಶನಿವಾರ ಗಂಡನನ್ನೂ ಐದು ವರ್ಷದ ಮಗಳನ್ನೂ ಲ್ಯಾಬ್‌ಗೆ ಕರೆದುಕೊಂಡು ಹೋದೆ. ನನ್ನ ಗಂಡ ವಿಜಯಪುರದವನು, ಇಲ್ಲಿ ಬೇರಿಂಗ್ ಡಿಸೈನ್ ಮಾಡುತ್ತಾನೆ. ಚಡ್ಡಿಯಲ್ಲಿ ಪ್ಲೇಟ್ ಹತ್ತಿದ.

"ನನ್ನ ಹಿಂಗ ನಿಂದರಿಸಿ ಫೋಟೊ ಗಿಟೊ ನಮ್ಮವ್ವಗ ಕಳಸಬ್ಯಾಡ ಮತ್ತ."

"ಸುಮ್ಮನೆ ನಿಲ್ಲು ಮಾರಾಯ. ಸೊಂಟ ಬಲಕ್ಕೆ. ಅಷ್ಟಲ್ಲ, ಇದೆಂತ ಡ್ಯಾನ್ಸಾ?"

"ಇಲ್ಲೇನ್ ಬರೇ ನಿಂದರೂದಕ್ಕ ಪಗಾರ ಕೊಡ್ತಾರ? ನಾ ಸುಳ್ಳ ಇಂಜಿನಿಯರಿಂಗ್ ಓದಿದೆ."

ಮೂರನೇ ನಿಮಿಷಕ್ಕೆ ಅವನು ಸಟ್ಟನೆ ಎಡಗಾಲಿಗೆ ವಾಲಿದ, ಮತ್ತೆ ಬಲಕ್ಕೆ ಬಂದ, ಮತ್ತೆ ವಾಲಿದ. "ಪಾಪಾ, ಬಿಸ್ಟ್ ಡು ಮ್ಯೂಡ?" ದಣಿವಾಯಿತಾ ಎಂದು ಮಗಳು ಮೂಲೆಯಿಂದ ಜರ್ಮನ್‌ನಲ್ಲಿ ಕೇಳಿದಳು. "ಹೌದವಾ, ಕಾಲು ಕಳಚಿ ಬರ್ತಾವ," ಎಂದ ಅವನು. ಆಮೇಲೆ ನಾನು ನಿಂತೆ. ನನ್ನ ಗೆರೆಯೂ ಅಂಥದ್ದೇ: ಮೆಟ್ಟಿಲು ಮೆಟ್ಟಿಲಾಗಿ ಜಿಗಿತ, ವಾಪಸು, ಜಿಗಿತ. ದಣಿದ ಕಾಲು ಸ್ವಲ್ಪ ವಿಶ್ರಾಂತಿ ಕೇಳುತ್ತದೆ, ಆಮೇಲೆ ಮತ್ತೆ ಕೆಲಸಕ್ಕೆ ಬರುತ್ತದೆ. ಅವರ ಗೆರೆ ಒಮ್ಮೆಯೂ ಹಿಂದಕ್ಕೆ ಬಂದಿರಲಿಲ್ಲ.

ಊಟದ ಹೊತ್ತಿಗೆ ಗಂಡನಿಗೆ ಎಲ್ಲ ಹೇಳಿದೆ.

"ಏನ್ ಮಾಡಾಕಿ ಈಗ?"

"ಹೇಳಬೇಕಲ್ಲ ಆಕೆಗೆ."

"ಯಾಕ? ಡೇಟಾ ನಾಯ್ಸಿ ಐತಿ ಅಂತ ಒಂದ್ ಮೇಲ್ ಹಾಕು. ಪ್ಲೇಟ್ ಡ್ರಿಫ್ಟ್ ಆಗೂದು ಖರೇನ ಹೌದಿಲ್ಲೋ? ಸುಳ್ಳೇನ್ ಹೇಳಿದಂಗಾತು? ಸತ್ತಾವರ ನೋವು ಸತ್ತಾವರ ಸಂಗಾಟ ಹೋತು. ಅದನ್ನ ತಗೊಂಡು ಈಕಿ ತಲಿ ಮ್ಯಾಲ ಯಾಕ ಹೊರಸ್ತಿ?"

ಅವನ ಮಾತಿನಲ್ಲಿ ಕರುಣೆಯಿತ್ತು. ನನ್ನಲ್ಲಿ ಅಂಥದ್ದೇನೂ ಇತ್ತೆಂದು ಖಾತ್ರಿಯಿಲ್ಲ. ಸತ್ಯ ಹೇಳಬೇಕು ಎಂಬ ಹಟದಲ್ಲಿ ಎಷ್ಟು ಪಾಲು ಆಕೆಗಾಗಿ, ಎಷ್ಟು ಪಾಲು ಆ ಮೊತ್ತ ಗೊತ್ತಿರುವ ಭಾರವನ್ನು ನಾನು ಇಳಿಸಿಕೊಳ್ಳಲು? ಹಲವು ದಿನ ಎರಡೂ ಉತ್ತರಗಳನ್ನು ಬರೆದು ನೋಡಿದೆ. ಯಂತ್ರದ ದೋಷ ಎನ್ನುವ ಮೊದಲನೆಯದರಲ್ಲಿ ಒಂದೂ ಸುಳ್ಳು ವಾಕ್ಯವಿರಲಿಲ್ಲ. ಅದೇ ನನ್ನನ್ನು ತಡೆಯಿತು. ಆಕೆ ನನ್ನಲ್ಲಿ ಸಮಾಧಾನ ಕೇಳಿರಲಿಲ್ಲ. ಸಮಾಧಾನ ಡಾಕ್ಟರ್ ಆಗಲೇ ಕೊಟ್ಟಿದ್ದರು, ಅದನ್ನು ಬದಿಗಿಟ್ಟು ಆಕೆ ನಮ್ಮಲ್ಲಿಗೆ ಬಂದಿದ್ದರು.

ಫೋನ್‌ನಲ್ಲಿ ಬೇಡವೆಂದು ಕರೆಸಿಕೊಂಡೆ. ಎರಡು ಗೆರೆಗಳನ್ನು ತೋರಿಸಿದೆ, ಮೊತ್ತವನ್ನು ತೋರಿಸಿದೆ.

"ನೋವಿತ್ತು ಅಂತ ಯಂತ್ರ ಹೇಳುವುದಿಲ್ಲ," ಎಂದೆ. "ಬಲಗಾಲಿನ ಮೇಲೆ ಭಾರ ಬೀಳದಂತೆ ಅವರು ನೋಡಿಕೊಳ್ಳುತ್ತಿದ್ದರು ಅಂತ ಹೇಳುತ್ತದೆ. ಮೂರು ಸಲವೂ. ಈಸ್ಟರ್‌ಗಿಂತ ಮೊದಲು."

ಆಕೆ ಪರದೆಯ ಹತ್ತಿರ ಬಂದರು. ಬಿಂದು ಹರಿದಾಡುತ್ತಿತ್ತು.

"ನಿಮಗೆ ಗೊತ್ತಾಗಲಿಲ್ಲವಾ? ಎದುರಿಗೇ ನಿಂತಿದ್ದಿರಿ."

"ಇಲ್ಲ. ಅಲುಗಾಡಲಿಲ್ಲ ಅಂತ ಬರೆದುಕೊಂಡಿದ್ದೇನೆ."

"ನನಗೂ ಗೊತ್ತಾಗಲಿಲ್ಲ," ಎಂದರು. ನನ್ನನ್ನು ಸಮಾಧಾನಪಡಿಸಲು ಹೇಳಿದ್ದಲ್ಲ. ಆಮೇಲೆ ಕೇಳಿದರು, "ಪ್ರದರ್ಶನದಲ್ಲಿ ಯಾವುದು ಇರುತ್ತದೆ?"

ಅದನ್ನೂ ನಾನು ಯೋಚಿಸಿದ್ದೆ. ಇದ್ದದ್ದನ್ನು ಇದ್ದಂತೆ ಇಡಬೇಕು, ಬೆಳಕು ನಿಧಾನವಾಗಿ ಎಡಪಾದಕ್ಕೆ ಸರಿಯುವುದನ್ನು ಜನ ನೋಡಬೇಕು ಎಂದು ಮುಖ್ಯಸ್ಥೆಗೆ ಹೇಳಿದ್ದೆ. "ನಾನು ತೋರಿಸಬೇಕಾಗಿರುವುದು ಒಂದು ಆದರ್ಶವನ್ನು, ಒಂದು ಕಾಯಿಲೆಯನ್ನಲ್ಲ," ಎಂದು ಅವರು ಬೇಸರದಿಂದಲೇ ಹೇಳಿ, ಕೊನೆಗೆ ಮಗಳು ಒಪ್ಪಿದರೆ ಆಗಲಿ ಎಂದಿದ್ದರು. ಅದನ್ನು ಮಗಳ ಮುಂದಿಟ್ಟೆ.

"ಬೇಡ," ಎಂದರು ಆಕೆ, ಯೋಚಿಸದೆ. "ಸರಿಪಡಿಸಿದ್ದನ್ನೇ ಹಾಕಿ. ಅವನು ಅಷ್ಟು ಕಷ್ಟಪಟ್ಟದ್ದೇ ಯಾರಿಗೂ ಕಾಣಬಾರದು ಅಂತ. ಚಡ್ಡಿಯಲ್ಲಿ ಪ್ರತಿಮೆಯ ಹಾಗೆ ಕಾಣಬೇಕು ಅಂತ. ನಾನು ಒಮ್ಮೆ ಎಲ್ಲರೆದುರು ಅವನ ಮರ್ಯಾದೆ ತೆಗೆದಿದ್ದೇನೆ. ಸಾಕು."

ನಾನು ಟಿಕ್ ಮತ್ತೆ ಹಾಕಿದೆ. ಈ ಸಲ ತಿಳಿದು ಹಾಕಿದೆ.

ನವೆಂಬರ್‌ನ ಒಂದು ಸಂಜೆ ಪ್ರದರ್ಶನ ತೆರೆಯಿತು. ಭಾಷಣಗಳಾದವು. ಜನ ವೈನ್ ಹಿಡಿದು ಬಿಳಿಯ ಯುವಕನ ಮುಂದೆ ನಿಂತು, ನೆಲದ ಮೇಲಿನ ಎರಡು ಪಾದಗಳನ್ನು ನೋಡಿ, ತಾವೂ ಸೊಂಟ ಓರೆ ಮಾಡಿ ನಕ್ಕರು. ಬಲಪಾದ ಪ್ರಖರವಾಗಿ ಉರಿಯುತ್ತಿತ್ತು. ಎಡದ್ದು ಪಾದದ ಮುಂಭಾಗದಷ್ಟು ಮಾತ್ರ, ಇದ್ದೂ ಇಲ್ಲದಂತೆ. ಉಸಿರಿನ ಸಣ್ಣ ಕಂಪನವನ್ನು ನಾನು ತೆಗೆದಿರಲಿಲ್ಲ. ಹತ್ತಿರದಿಂದ ನೋಡಿದವರಿಗೆ ಬೆಳಕು ಏರಿ ಇಳಿಯುವುದು ಕಾಣುತ್ತಿತ್ತು.

ಜನ ಕರಗಿದ ಮೇಲೆ ಮಗಳು ನನ್ನ ಪಕ್ಕ ಬಂದು ನಿಂತರು.

"ಎಷ್ಟು ಚೆನ್ನಾಗಿ ನಿಂತಿದ್ದಾನೆ ನೋಡಿ," ಎಂದರು. "ಸುಳ್ಳುಗಾರ."

ಆಮೇಲೆ ಬಗ್ಗಿ ಷೂ ಬಿಚ್ಚಿದರು. ಉರಿಯುವ ಪಾದವನ್ನು ಸುತ್ತಿ ಬಂದು, ಮಂಕಾಗಿದ್ದ ಇನ್ನೊಂದರ ಮೇಲೆ ಬರಿಗಾಲನ್ನು ಮೆಲ್ಲಗೆ ಇಟ್ಟರು. ಬೆಳಕು ಅವರ ಬೆರಳುಗಳ ಮೇಲೆ ಬಿತ್ತು.

"ಇಲ್ಲಿಯಾ?"

"ಹೌದು," ಎಂದೆ. "ಅಲ್ಲೇ."